ಮೂರಂತಸ್ತಿನ ಕ್ಯಾಮೆರಾ

ಬೈಕಂಪಾಡಿಯ ಹೆದ್ದಾರಿಯ ಬದಿಯಲ್ಲಿ ನಿಂತು, ಕೆಂಪು ಹಂಚಿನ ಮಾಡೊಂದರ ಛಾಯಾಚಿತ್ರವನ್ನು ಸಾಮಾನ್ಯವಾದ ಡಿಜಿಟಲ್ ಕ್ಯಾಮೆರಾದಿಂದ ತೆಗೆದೆವೆನ್ನೋಣ. ಚಿತ್ರದಲ್ಲಿ ಕಾಣುವ ಕೆಂಪಿನಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ಕ್ಯಾಮೆರಾ ಕಂಡೇ ಇರುವುದಿಲ್ಲ. ಅಕ್ಕಪಕ್ಕವನ್ನು ನೋಡಿ ಊಹಿಸಿ ತುಂಬಿರುತ್ತದೆ. ಈ ಮಾತು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೂ ಅದು ನಿಜ. ಈ ಊಹೆಯನ್ನು ತೊಡೆದುಹಾಕಬೇಕೆಂಬ ಹಟದಿಂದ ಹುಟ್ಟಿದ ಕ್ಯಾಮೆರಾ ಒಂದುಂಟು. ಅದರ ಗುಣದೋಷಗಳನ್ನು ನಾವು ಇಲ್ಲಿ ತೂಗಿ ನೋಡೋಣ.

ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಸ್ಥಾನದಲ್ಲಿರುವುದು ಸಿಲಿಕಾನಿನ ಒಂದು ಬಿಲ್ಲೆ. ಅದರ ಮೇಲೆ ಲಕ್ಷಾಂತರ ಸೂಕ್ಷ್ಮ ಕೋಶಗಳಿರುವುವು. ಬೆಳಕು ಬಿದ್ದಾಗ ಪ್ರತಿಯೊಂದು ಕೋಶದಲ್ಲಿಯೂ ಎಲೆಕ್ಟ್ರಾನುಗಳು ಬಿಡುಗಡೆ ಹೊಂದುತ್ತವೆ. ಅವುಗಳ ಮೊತ್ತದಿಂದ ಅಲ್ಲಿ ಬಿದ್ದ ಬೆಳಕಿನ ಪ್ರಮಾಣವು ತಿಳಿದುಬರುವುದು. ಆದರೆ ಎಲೆಕ್ಟ್ರಾನಿಗೆ ಬಣ್ಣವಿಲ್ಲ. ಎಷ್ಟು ಬೆಳಕು ಬಂತೆಂದು ಕೋಶವು ಹೇಳಬಲ್ಲುದೇ ಹೊರತು ಯಾವ ಬಣ್ಣದ್ದೆಂದು ಹೇಳಲಾರದು. ಈ ತೊಡಕಿಗೆ ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪೆನಿಯ ಬ್ರೈಸ್ ಬೇಯರ್ ಎಂಬವರು ಸೂಚಿಸಿದ ಉಪಾಯಕ್ಕೆ 1976ರಲ್ಲಿ ಪೇಟೆಂಟ್ ದೊರೆಯಿತು. ಒಂದೊಂದು ಕೋಶದ ಮೇಲೆ ಒಂದೊಂದು ಬಣ್ಣದ ಗಾಜನ್ನು ಹೊದಿಸಿದಂತೆ ಶೋಧಕವನ್ನಿಡುವುದೇ ಆ ಉಪಾಯ. ನಾಲ್ಕು ಕೋಶಗಳ ಪ್ರತಿಯೊಂದು ಚೌಕದಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಕಣ್ಣು ಸೂಕ್ಷ್ಮ ವಿವರಗಳನ್ನು ಹೆಚ್ಚಾಗಿ ಗ್ರಹಿಸುವುದು ಹಸಿರಿನ ಆಸುಪಾಸಿನ ಬೆಳಕಿನಿಂದಾದುದರಿಂದ ಹಸಿರಿಗೆ ಎರಡು ಪಾಲು. ಉಳಿದುದೆಲ್ಲವೂ ಗಣಿತದ ಊಹೆ.

ಈ ಊಹೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಉಡುಪಿ ಸೀರೆಯ ನೇಯ್ಗೆಯಂತೆ ಅತಿ ಸಣ್ಣ ಗೆರೆಗಳು ಒತ್ತೊತ್ತಾಗಿ ಬಂದೆಡೆ ಅದು ಮೋಸಹೋಗುವುದೂ ಉಂಟು. ಆಗ ಬಟ್ಟೆಯಲ್ಲಿ ಇಲ್ಲದ ಬಣ್ಣದ ಅಲೆಗಳು ಚಿತ್ರದಲ್ಲಿ ಮೂಡುತ್ತವೆ.

ಕ್ಯಾಲಿಫೋರ್ನಿಯಾದ ಫೋವಿಯಾನ್ ಎಂಬ ಸಂಸ್ಥೆಯು 2002ರಲ್ಲಿ ಬೇರೊಂದು ದಾರಿಯನ್ನು ತೋರಿಸಿತು. ಅದರ ತಳಹದಿ ಸಿಲಿಕಾನಿನ ಒಂದು ಸಹಜ ಗುಣ. ಬೆಳಕು ಸಿಲಿಕಾನನ್ನು ಹೊಕ್ಕ ಮೇಲೆ ಎಷ್ಟು ಆಳಕ್ಕೆ ಇಳಿಯುವುದೆಂಬುದು ಅದರ ತರಂಗಾಂತರವನ್ನು ಅವಲಂಬಿಸಿದೆ. 450 ನಾನೋಮೀಟರಿನ ನೀಲಿ ಬೆಳಕಿನ ಹೆಚ್ಚಿನ ಭಾಗವು ಸುಮಾರು 0.4 ಮೈಕ್ರಾನ್ ಇಳಿಯುವಷ್ಟರಲ್ಲಿಯೇ ಹೀರಲ್ಪಡುತ್ತದೆ. 550ರ ಹಸಿರಿಗೆ ಸುಮಾರು 1.5 ಮೈಕ್ರಾನ್ ಬೇಕು. 650ರ ಕೆಂಪಿಗೆ ಸುಮಾರು 3.5. ಹಾಗಾದರೆ ಶೋಧಕವೇಕೆ? ಒಂದೇ ಸ್ಥಳದಲ್ಲಿ ಮೂರು ಆಳಗಳಲ್ಲಿ ಮೂರು ಪದರಗಳನ್ನಿಟ್ಟು, ಪ್ರತಿಯೊಂದು ಪದರದ ಎಲೆಕ್ಟ್ರಾನುಗಳನ್ನು ಬೇರೆ ಬೇರೆಯಾಗಿ ಅಳೆದರೆ ಮೂರು ಬಣ್ಣಗಳೂ ಅಲ್ಲಿಯೇ ದೊರೆಯುವುವು. 1935ರಲ್ಲಿ ಬಂದ ಕೊಡಾಕ್ರೋಮ್ ಫಿಲ್ಮಿನಲ್ಲಿಯೂ ಬಣ್ಣಕ್ಕೊಂದರಂತೆ ಮೂರು ಲೇಪಗಳು ಒಂದರಡಿ ಒಂದಿದ್ದುವು. ಅಲ್ಲಿ ರಾಸಾಯನಿಕಗಳು ಮಾಡಿದ ಕೆಲಸವನ್ನು ಇಲ್ಲಿ ಸಿಲಿಕಾನಿನ ಆಳವೇ ಮಾಡುತ್ತದೆ.

ಹೆಸರಿನ ಸಂಗತಿಯೊಂದು ನಮಗೆ ತಮಾಷೆಯಾಗಿ ಕಾಣುತ್ತದೆ. ಕಣ್ಣಿನ ಅಕ್ಷಿಪಟದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವ ಕುಳಿಗೆ ಫೋವಿಯಾ ಎಂದು ಹೆಸರು. ಸಂಸ್ಥೆಯ ಹೆಸರು ಬಂದುದು ಅದರಿಂದ. ಆದರೆ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಒಂದರ ಕೆಳಗೊಂದಿಲ್ಲ, ಪಕ್ಕಪಕ್ಕದಲ್ಲಿಯೇ ಇವೆ. ಎಂದರೆ ನಮ್ಮ ಕಣ್ಣಿಗೆ ಹತ್ತಿರವಾದುದು ಬೇಯರರ ಏರ್ಪಾಡೇ!

ಜಪಾನಿನ ಸಿಗ್ಮಾ ಕಂಪೆನಿಯು ಈ ಬಿಲ್ಲೆಯನ್ನು 2002ರಲ್ಲಿಯೇ ತನ್ನ ಎಸ್‌ಡಿ9 ಕ್ಯಾಮೆರಾದಲ್ಲಿ ಅಳವಡಿಸಿತು. 2008ರಲ್ಲಿ ಫೋವಿಯಾನ್ ಸಂಸ್ಥೆಯನ್ನೇ ಕೊಂಡಿತು. 2011ರಲ್ಲಿ ಮಾರಾಟಕ್ಕೆ ಬಂದ ಎಸ್‌ಡಿ1 ಎಂಬುದೇ ವಾದಕ್ಕೆ ಗ್ರಾಸವಾದ ಕ್ಯಾಮೆರಾ. ಮರುವರ್ಷ ಅದರ ಬೆಲೆಯನ್ನು ಬಹಳವಾಗಿ ಇಳಿಸಿ, ಈ ಬಿಲ್ಲೆಗಾಗಿ ದುಡಿದು 2008ರಲ್ಲಿ ತೀರಿಕೊಂಡ ರಿಚರ್ಡ್ ಮೆರಿಲ್ ಅವರ ಹೆಸರನ್ನು ಅದಕ್ಕೆ ಸೇರಿಸಿದರು.

ಈ ಕ್ಯಾಮೆರಾ 46 ಮೆಗಾಪಿಕ್ಸೆಲಿನದೆಂದು ಕಂಪೆನಿ ಹೇಳಿತು. ಚಿತ್ರದ ಅಗಲ 4,800 ಬಿಂದುಗಳು, ಎತ್ತರ 3,200. ಗುಣಿಸಿದರೆ 1,53,60,000, ಇದು 15 ಮೆಗಾಪಿಕ್ಸೆಲ್ ಮಾತ್ರ. ಮೂರು ಪದರಗಳನ್ನೂ ಎಣಿಸಿದರೆ 4,60,80,000. ಯಾವುದು ಸರಿ? ಮೂರಂತಸ್ತಿನ ಮನೆಯ ವಿಸ್ತಾರವನ್ನು ಹೇಳುವಾಗ ನಿವೇಶನವನ್ನು ಅಳೆಯಬೇಕೋ ಅಂತಸ್ತುಗಳನ್ನು ಕೂಡಬೇಕೋ ಎಂಬಂತಹ ಪ್ರಶ್ನೆ ಇದು. ನಮ್ಮ ಲೆಕ್ಕ ಹೀಗೆ: ಸೂಕ್ಷ್ಮ ವಿವರಕ್ಕೆ ಮುಖ್ಯವಾದುದು ಹಸಿರಿನ ಅಳತೆ. ಇಲ್ಲಿ ಅಂತಹವು 1,53,60,000 ಇವೆ. ಬೇಯರ್ ಕ್ರಮದಲ್ಲಿ ಅರ್ಧ ಮಾತ್ರ ಹಸಿರಾದುದರಿಂದ ಅಷ್ಟು ಹಸಿರಿಗೆ ಸುಮಾರು 30 ಮೆಗಾಪಿಕ್ಸೆಲಿನ ಕ್ಯಾಮೆರಾ ಬೇಕಾಗುವುದು. ಆದುದರಿಂದ 46 ಅತಿಶಯೋಕ್ತಿ, 15 ಅನ್ಯಾಯ. ಹಂಚಿನ ಮಾಡಿನಂತಹ ಶುದ್ಧ ಕೆಂಪಿನಲ್ಲಿ ಮಾತ್ರ ಲಾಭವು ನಾಲ್ಕು ಪಟ್ಟಾಗಿದ್ದೀತು.

ಇನ್ನು ದೋಷದ ಕಡೆ ನೋಡೋಣ. ಬೆಳಕು ಸಿಲಿಕಾನಿನಲ್ಲಿ ಗೆರೆ ಎಳೆದಂತೆ ನಿಲ್ಲುವುದಿಲ್ಲ. ಕೆಂಪಿನ ಸ್ವಲ್ಪ ಭಾಗ ಮೇಲಿನ ಪದರದಲ್ಲಿಯೇ ಉಳಿಯುತ್ತದೆ. ಹಸಿರು ಮೂರರಲ್ಲಿಯೂ ಹಂಚಿಹೋಗುತ್ತದೆ. ಹೀಗೆ ಬೆರೆತ ಮೂರು ಅಳತೆಗಳಿಂದ ಶುದ್ಧ ಬಣ್ಣಗಳನ್ನು ಪಡೆಯಲು ಒಂದರಿಂದ ಇನ್ನೊಂದನ್ನು ಕಳೆಯಬೇಕು. ಕಳೆಯುವುದರಲ್ಲಿ ಅಪಾಯವಿದೆ. ಬೈಕಂಪಾಡಿಯ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಅಡಿಕೆಯ ಮೂಟೆಯನ್ನು ತೂಗುವ ತಕ್ಕಡಿಯಲ್ಲಿ 50 ಗ್ರಾಮಿನ ತಪ್ಪಿದ್ದರೆ ಯಾರೂ ಲೆಕ್ಕಿಸರು. ಆದರೆ ಮೂಟೆಯನ್ನು ಒಮ್ಮೆ ತೂಗಿ, ಅದರಿಂದ ಒಂದು ಹಿಡಿ ಅಡಿಕೆಯನ್ನು ತೆಗೆದು ಮತ್ತೊಮ್ಮೆ ತೂಗಿ, ವ್ಯತ್ಯಾಸದಿಂದ ಆ ಹಿಡಿಯ ತೂಕವನ್ನು ಹೇಳಹೊರಟರೆ ಅದೇ 50 ಗ್ರಾಮು ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಬೆಳಕಿನ ಅಳತೆಯಲ್ಲಿಯೂ ಸಹಜವಾದ ಏರಿಳಿತವುಂಟು. ಸರಾಸರಿ 10,000 ಫೋಟಾನುಗಳನ್ನು ಎಣಿಸಿದಾಗ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 100. ಇದು ಶೇಕಡ 1. ಐಎಸ್‌ಒ 100ರ ಬದಲು 1600ನ್ನು ಆರಿಸಿದರೆ ಬೆಳಕು 16ರಲ್ಲಿ ಒಂದು ಪಾಲಾಗಿ 625ಕ್ಕೆ ಇಳಿಯುವುದು. ಏರಿಳಿತ 25, ಎಂದರೆ ಶೇಕಡ 4. ಕಳೆಯುವ ಲೆಕ್ಕದಲ್ಲಿ ಇದು ಇನ್ನೂ ಹಿಗ್ಗಿ ಚಿತ್ರದ ಮೇಲೆ ಬಣ್ಣದ ಮರಳನ್ನು ಎರಚಿದಂತಾಗುತ್ತದೆ. ಆದ್ದರಿಂದ ಈ ಕ್ಯಾಮೆರಾ ಒಳ್ಳೆಯ ಬಿಸಿಲಿನ ಗೆಳೆಯ. ಆಟಿ ತಿಂಗಳ ಮೋಡದಲ್ಲಿ ಮುಕ್ಕಾಲಿ ಬೇಕು. ರಾತ್ರಿಯ ಯಕ್ಷಗಾನದ ಕುಣಿತಕ್ಕಂತೂ ಇದನ್ನು ಕೊಂಡೊಯ್ಯಬಾರದು. ಕಪ್ಪುಬಿಳುಪು ಚಿತ್ರದಲ್ಲಿ ಮೂರು ಪದರಗಳನ್ನು ಕೂಡಿದರೆ ಸಾಕು, ಕಳೆಯಬೇಕಾಗಿಲ್ಲ. ಅದರಿಂದಲೇ ಮಂದ ಬೆಳಕಿನಲ್ಲಿಯೂ ಆ ಚಿತ್ರಗಳು ತಕ್ಕಮಟ್ಟಿಗೆ ಚೆನ್ನಾಗಿರುತ್ತವೆ.

2014ರಿಂದ ಬಂದ ಕ್ವಾಟ್ರೊ ಎಂಬ ಮಾದರಿಗಳಲ್ಲಿ ಸಿಗ್ಮಾ ಒಂದು ರಾಜಿ ಮಾಡಿಕೊಂಡಿತು. ಮೇಲಿನ ಪದರದಲ್ಲಿ ಸುಮಾರು 1.96 ಕೋಟಿ ಬಿಂದುಗಳು. ಕೆಳಗಿನ ಎರಡರಲ್ಲಿಯೂ ತಲಾ 49 ಲಕ್ಷ. ಕೆಳಗಿನ ಕೋಶಗಳು ದೊಡ್ಡವಾಗಿ ಮರಳಿನ ಬಾಧೆ ಕಡಮೆಯಾಯಿತು, ಕ್ಯಾಮೆರಾದ ನಿಧಾನಗತಿಯೂ ಸ್ವಲ್ಪ ತಗ್ಗಿತು. ಆದರೆ ಕೆಂಪಿನ ಲೆಕ್ಕ ಮತ್ತೆ ನಾಲ್ಕರಲ್ಲಿ ಒಂದಕ್ಕೇ ಬಂದು ನಿಂತಿತು! ಈ ಕಾರಣದಿಂದ ಮೂಲತತ್ತ್ವವನ್ನು ಪೂರ್ಣವಾಗಿ ಪಾಲಿಸಿದ ಮೆರಿಲ್ ಮಾದರಿಯೇ ನಮಗೆ ಮೆಚ್ಚು. ಇನ್ನೂ ದೊಡ್ಡ ಬಿಲ್ಲೆಯೊಂದನ್ನು ತರುವುದಾಗಿ 2018ರಲ್ಲಿ ಸಾರಿದ ಕಂಪೆನಿಯು, 2021ರಲ್ಲಿ ಅದನ್ನು ತಯಾರಿಸುತ್ತಿದ್ದವರೊಡನೆ ಒಪ್ಪಂದವನ್ನು ಮುಗಿಸಿ ಸಂಶೋಧನೆಯ ಹಂತಕ್ಕೆ ಮರಳಿತು.

ಅಲುಗದ ವಸ್ತುಗಳನ್ನು ಚಿತ್ರಿಸುವವರಿಗೆ, ಹಳೆಯ ಹಂಚಿನ ಮನೆಗಳನ್ನೋ ಬಸದಿಯ ಕಂಬದ ಕೆತ್ತನೆಯನ್ನೋ ಕೈಮಗ್ಗದ ಬಟ್ಟೆಯನ್ನೋ ದಾಖಲಿಸಬೇಕೆಂದಿರುವವರಿಗೆ, ಉಪಯೋಗಿಸಿದ ಮೆರಿಲ್ ಕ್ಯಾಮೆರಾ ದೊರೆತರೆ ಕೊಳ್ಳಬಹುದೆಂದು ನಾವು ಹೇಳುವೆವು. ಮನೆಯ ಮದುವೆಗೆ ಬೇಡ. ಜೇಬಿನಲ್ಲಿ ಹಿಡಿಸುವ ಡಿಪಿ2 ಮೆರಿಲಿನ ಬ್ಯಾಟರಿಯಿಂದ ನೂರು ಚಿತ್ರಗಳೂ ಪೂರ್ತಿ ಬಾರವು. ಕಂಪೆನಿಯೇ ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿಗಳನ್ನು ಇಟ್ಟು ಮಾರುತ್ತಿತ್ತು. ಕೊಳ್ಳುವಾಗ ಎರಡೂ ಇವೆಯೇ ಎಂದು ನೋಡಿಕೊಳ್ಳಿರಿ.