ಎಪಿಕ್ಟೀಟಸನನ್ನು ಇಂಗ್ಲಿಷಿಗೆ ತಂದ ವಿದುಷಿ ಎಲಿಜಬೆತ್ ಕಾರ್ಟರ್

ದಾಸನಾಗಿ ಬಾಳಿ, ಕುಂಟುಗಾಲಿನವನಾಗಿಯೂ ಚಕ್ರಾಧಿಪತಿಗಳ ಕಾಲದ ರೋಮಿನಲ್ಲಿ ತತ್ತ್ವಬೋಧೆಗೈದ ಎಪಿಕ್ಟೀಟಸನು ತಾನಾಗಿ ಒಂದು ಗ್ರಂಥವನ್ನೂ ಬರೆದಿಡಲಿಲ್ಲ. ಅವನ ಶಿಷ್ಯ ಅರಿಯನ್ನನು ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಉಪದೇಶಗಳು ಮಾತ್ರ ಉಳಿದು ಬಂದಿವೆ. ಉಪಲಬ್ಧವಿರುವ ಆ ಉಪದೇಶಗಳೆಲ್ಲವನ್ನೂ ಪ್ರಥಮತಃ ಸಮಗ್ರವಾಗಿ ಇಂಗ್ಲಿಷಿಗೆ ಪರಿವರ್ತಿಸಿದ ಕೀರ್ತಿ ಯಾವ ವಿಶ್ವವಿದ್ಯಾಲಯದ ಪಂಡಿತನಿಗೂ ಸಲ್ಲಲಿಲ್ಲ. ಆ ವಿದ್ಯಾಲಯಗಳ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದ ಕಾಲದಲ್ಲಿ ಮನೆಯಲ್ಲಿಯೇ ಓದಿದ ಎಲಿಜಬೆತ್ ಕಾರ್ಟರ್ ಎಂಬಾಕೆಗೆ ಸಂದಿತು.

ಈಕೆ 1717ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಡೀಲ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದಳು. ತಂದೆ ನಿಕೋಲಸ್ ಕಾರ್ಟರನು ಪಾದ್ರಿ. ಗಂಡು ಹೆಣ್ಣೆಂಬ ಭೇದವೆಣಿಸದೆ ಮಕ್ಕಳಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿಸಿದ ಪುಣ್ಯಾತ್ಮನು. ಆದರೆ ಎಲಿಜಬೆತ್ತಳ ಗ್ರಹಣಶಕ್ತಿ ಆರಂಭದಲ್ಲಿ ಎಷ್ಟು ಮಂದವಾಗಿತ್ತೆಂದರೆ, ಈ ವ್ಯಾಸಂಗವನ್ನು ಬಿಟ್ಟುಬಿಡೆಂದು ತಂದೆಯೇ ಪದೇ ಪದೇ ಹೇಳುತ್ತಿದ್ದನು. ಹುಡುಗಿ ಬಿಡಲಿಲ್ಲ. ನಿದ್ರೆಯನ್ನು ತಡೆಯಲು ನಶ್ಯ ಸೇದಿದಳು, ಹಸಿರು ಚಹದ ಎಲೆಗಳನ್ನು ಅಗಿದಳು, ತಲೆಗೆ ಒದ್ದೆಬಟ್ಟೆ ಸುತ್ತಿಕೊಂಡಳು. ಮುಂದೆ ಮಂಚದ ತಲೆದೆಸೆಗೆ ಒಂದು ಗಂಟೆಯನ್ನು ಕಟ್ಟಿ, ಅದರ ದಾರವನ್ನು ಕಿಟಕಿಯ ಸಂದಿನಿಂದ ಕೆಳಗಣ ತೋಟಕ್ಕೆ ಇಳಿಬಿಟ್ಟಿದ್ದಳು. ಬೆಳಗಿನ ನಾಲ್ಕೈದು ಗಂಟೆಯ ನಡುವೆ ಚರ್ಚಿನ ಪರಿಚಾರಕನು ಬಂದು ಅದನ್ನೆಳೆದು ಎಬ್ಬಿಸುವನು. ನಶ್ಯದ ಭಾಗವನ್ನು ನಮ್ಮ ವಿದ್ಯಾರ್ಥಿಗಳು ಅನುಕರಿಸಬೇಕಾಗಿಲ್ಲ. ಈಕೆಯನ್ನು ತಲೆನೋವು ಜೀವನಪರ್ಯಂತ ಕಾಡಿತು. ಆದರೂ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಜರ್ಮನ್ ಭಾಷೆಗಳನ್ನು ಸ್ವಾಧೀನಪಡಿಸಿಕೊಂಡು, ಅನಂತರ ಪೋರ್ಚುಗೀಸ್, ಅರಬ್ಬಿಗಳಿಗೂ ಕೈಹಚ್ಚಿದಳು.

ಹದಿನಾರು ಹದಿನೇಳರ ಪ್ರಾಯದಲ್ಲಿಯೇ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಈಕೆಯ ಕವಿತೆಗಳು ಪ್ರಕಟವಾದವು. 1739ರಲ್ಲಿ ನ್ಯೂಟನ್ನನ ಸಿದ್ಧಾಂತಗಳನ್ನು ಕುರಿತ ಅಲ್ಗರೋಟ್ಟಿಯ ಇಟಾಲಿಯನ್ ಗ್ರಂಥವನ್ನು ಅನುವಾದಿಸಿದಳು. ನಿಘಂಟುಕಾರ ಜಾನ್ಸನ್ನನ 'ರ‍್ಯಾಂಬ್ಲರ್' ಪತ್ರಿಕೆಗೆ ಎರಡು ಪ್ರಬಂಧಗಳನ್ನೂ ಬರೆದಳು. 1750ರ ಮೊದಲನೆಯದು ಧರ್ಮಕ್ಕೂ ಮೂಢಭಕ್ತಿಗೂ ಇರುವ ಅಂತರವನ್ನು ಸ್ವಪ್ನರೂಪಕದಲ್ಲಿ ತೋರಿಸುವಂಥದು.

ಎಪಿಕ್ಟೀಟಸನ ಅನುವಾದವು 1749ರಲ್ಲಿ ಗೆಳತಿ ಕ್ಯಾಥರೀನ್ ಟಾಲ್ಬಟ್ಟಳ ಕೋರಿಕೆಯಿಂದ ಆರಂಭವಾಯಿತು. ಮೊದಲ ಕರಡನ್ನು ನೋಡಿದ ಬಿಷಪ್ ಸೆಕರನು, ಶೈಲಿ ಅತಿ ನಯವಾಯಿತೆಂದೂ, ಎಪಿಕ್ಟೀಟಸನ ಒರಟು ನೇರನುಡಿ ಹಾಗೆಯೇ ಬರಬೇಕೆಂದೂ ಆಕ್ಷೇಪಿಸಿದನು. ಭಾಷಾಂತರಕಾರನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯಿಲ್ಲ. ಅಲಂಕಾರವನ್ನು ಕಲಿಯಲು ವರ್ಷಗಟ್ಟಲೆ ದುಡಿದವರಿಗೆ ಅದನ್ನು ಬಿಡುವುದು ಸುಲಭವೇ? ಈಕೆ ಬಿಟ್ಟಳು, ಮೂಲದ ಸರಳತೆಗೆ ಬದ್ಧಳಾದಳು. ಕ್ರೈಸ್ತಮತಕ್ಕೆ ಹೊಂದದ ಸ್ಟೋಯಿಕ್ ವಿಚಾರಗಳನ್ನು ಮರೆಮಾಚದೆ, ತನ್ನ ಭಿನ್ನಾಭಿಪ್ರಾಯವನ್ನು ಟಿಪ್ಪಣಿಗಳಲ್ಲಿಯೇ ಹೇಳಿದಳು. ಇದನ್ನು ನಾನು ಪಾಂಡಿತ್ಯದ ಪ್ರಾಮಾಣಿಕತೆಯೆಂದೇ ಎಣಿಸುತ್ತೇನೆ.

ಗ್ರಂಥ ಮುಗಿಯಲು ಏಳು ವರ್ಷ ಹಿಡಿದದ್ದು ಆಲಸ್ಯದಿಂದಲ್ಲ. ಮಲತಮ್ಮ ಹೆನ್ರಿಯನ್ನು ಕೇಂಬ್ರಿಜ್ಜಿನ ಪ್ರವೇಶಕ್ಕೆ ಅಣಿಗೊಳಿಸುವ ಭಾರವೂ ಈಕೆಯದೇ ಆಗಿತ್ತು. ತನಗೆ ತೆರೆಯದ ಬಾಗಿಲಿಗೆ ತಮ್ಮನನ್ನು ಕೈಹಿಡಿದು ಕರೆದೊಯ್ದಳು! ಎಪಿಕ್ಟೀಟಸನ ಚರಿತ್ರೆಯನ್ನೂ ಬರೆದು ಸೇರಿಸೆಂದು ಗೆಳತಿ ಒತ್ತಾಯಿಸಿದಾಗ, ತನಗೆ ಹನ್ನೆರಡು ಅಂಗಿಗಳನ್ನು ಹೊಲಿಯುವುದಿದೆಯೆಂದು ಉತ್ತರ ಬರೆದಳು. ಈಕೆ ಗ್ರೀಕಿನಿಂದ ಎಪಿಕ್ಟೀಟಸನನ್ನು ಅನುವಾದಿಸಿದಷ್ಟೇ ಚೆನ್ನಾಗಿ ಅಡುಗೆಯನ್ನೂ ಮಾಡಬಲ್ಲಳೆಂದು ಜಾನ್ಸನ್ನನು ಹೊಗಳಿದ್ದು ಪ್ರಸಿದ್ಧ. ಹೊಗಳಿಕೆಯೇನೋ ಸರಿ, ಪುರುಷ ಪಂಡಿತರ ಅಡುಗೆಯನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

1758ರಲ್ಲಿ ಸಾವಿರಕ್ಕೂ ಮಿಕ್ಕ ಚಂದಾದಾರರ ನೆರವಿನಿಂದ ಗ್ರಂಥವು ಪ್ರಕಟವಾಯಿತು. ಮುದ್ರಿಸಿದವನು ಕಾದಂಬರಿಕಾರ ರಿಚರ್ಡ್‌ಸನ್ನನು. ಅದರಿಂದ ಬಂದ ಆದಾಯ ಸುಮಾರು 1000 ಪೌಂಡು. ಅವಿವಾಹಿತೆಯಾಗಿಯೇ ಉಳಿದ ಕಾರ್ಟರಳು ಸ್ವತಂತ್ರವಾಗಿ ಬಾಳಿ, 1806ರಲ್ಲಿ, ತನ್ನ 88ನೆಯ ವಯಸ್ಸಿನಲ್ಲಿ ನಿಧನಳಾದಳು. 1762ರಲ್ಲಿ ಆಕೆ ಡೀಲಿನಲ್ಲಿ ಒಂದು ಮನೆಯನ್ನು ಕೊಂಡಿದ್ದಳು. ಓದು ನಿನಗೆ ಹತ್ತದೆಂದು ಒಮ್ಮೆ ನಿರಾಶನಾಗಿದ್ದ ತಂದೆ 1774ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಮಗಳೊಡನಿದ್ದನು. ಇಬ್ಬರಿಗೂ ಬೇರೆ ಬೇರೆ ಗ್ರಂಥಭಂಡಾರಗಳಿದ್ದವು. ಅವರು ಕಲೆಯುತ್ತಿದ್ದುದು ಬಹುಮಟ್ಟಿಗೆ ಊಟದ ಹೊತ್ತಿಗೆ ಮಾತ್ರ.