ಕಾಡುದಾರಿಯ ಮೊದಲ ವಾರಗಳು

ಮಾಘ ಮಾಸದಲ್ಲಿ ಭಾರತ ಹುಣ್ಣಿಮೆಯು ಸಮೀಪಿಸಿತೆಂದರೆ ಧಾರವಾಡ, ಹಳಿಯಾಳ, ದಾಂಡೇಲಿಗಳ ಮಾರ್ಗವಾಗಿ ಜೋಯಿಡಾ ತಾಲೂಕಿನ ಉಳವಿಗೆ ಹೊರಡುವ ಚಕ್ಕಡಿಗಳ ಸಾಲನ್ನೂ, ಅವುಗಳೊಡನೆ ಕಾಲ್ನಡೆಯಲ್ಲಿ ಸಾಗುವ ಭಕ್ತವೃಂದವನ್ನೂ ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರುವರು. ಅದೇ ದಾಂಡೇಲಿಗೆ ಈಚೆಗೆ ಬೇರೊಂದು ಬಗೆಯ ಪಾದಚಾರಿಗಳೂ ಬರಹತ್ತಿದ್ದಾರೆ. ದೊಡ್ಡ ಊರುಗಳ ತರುಣರು ಬೆನ್ನಿಗೆ ಚೀಲವನ್ನು ಬಿಗಿದುಕೊಂಡು ಕಾಳೀ ನದಿಯ ಕಣಿವೆಯಲ್ಲಿ ಎರಡು ದಿನ ಅಲೆದು, ಭಾವಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುತ್ತಾರೆ. ಇದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ನಡೆಯಲರಿಯದ ತರುಣರಿಗಿಂತ ನಡೆಯುವ ತರುಣರು ದೇಶಕ್ಕೆ ಎಷ್ಟೋ ಮೇಲು. ಆದರೆ ಮರಳಲು ಮನೆಯುಳ್ಳವನ ನಡಿಗೆಯೇ ಬೇರೆ, ಮನೆಯನ್ನು ಕಳೆದುಕೊಂಡವನ ನಡಿಗೆಯೇ ಬೇರೆ. ಈ ಎರಡನೆಯ ಬಗೆಯ ನಡಿಗೆಯವರನ್ನು ನಮ್ಮ ಈ ಸೀಮೆಯ ಕಾಡು ಎರಡು ಸಲವಾದರೂ ಬರಮಾಡಿಕೊಂಡಿದೆ.

ಮೊದಲನೆಯದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕೊಲೆಯಾಗಿ ಕಲ್ಯಾಣವು ಕದಡಿದ ಮೇಲೆ, ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರ ಒಂದು ತಂಡವು ಬೆನ್ನಟ್ಟಿದ ಸೈನ್ಯದೊಡನೆ ಕಾದಾಡುತ್ತ, ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಅಡವಿಯನ್ನು ಸೇರಿತೆಂಬುದು ಪರಂಪರೆಯ ಮಾತು. ಆ ಪ್ರಯಾಣದ ದಿನಚರಿಯು ನಮಗೆ ಉಳಿದು ಬರಲಿಲ್ಲ. ಹೊರಟ ಮೊದಲ ವಾರಗಳಲ್ಲಿ ಅವರು ಏನುಂಡರು, ಎಲ್ಲಿ ಮಲಗಿದರು, ಹಾದಿಯಲ್ಲಿಯೇ ಉಳಿದವರೆಷ್ಟು ಮಂದಿ, ಇದಾವುದನ್ನೂ ನಾವು ಅರಿಯೆವು.

ಎರಡನೆಯದು ನಮ್ಮ ಕಾಲದ್ದು. ಮುಂಡಗೋಡದ ಸಂತೆಯಲ್ಲಿ ಕೆಂಪು ವಸ್ತ್ರದ ಲಾಮಾಗಳನ್ನು ಕಂಡು ಈಗ ಯಾರೂ ಬೆರಗಾಗುವದಿಲ್ಲ. ಆದರೆ ಅವರ ಹಿರಿಯರು ಹೊರಟು ಬಂದ ಬಗೆಯನ್ನು ಬಲ್ಲವರು ವಿರಳ. 1959ನೆಯ ಇಸವಿಯ ಮಾರ್ಚ 10ರಂದು ಲ್ಹಾಸಾ ಪಟ್ಟಣದ ಪ್ರಜೆಗಳು ಚೀನೀ ಆಡಳಿತದ ವಿರುದ್ಧ ಎದ್ದರು. 17ರ ರಾತ್ರಿ ದಲಾಯಿ ಲಾಮಾರವರು ಸಾಮಾನ್ಯ ಸಿಪಾಯಿಯ ವೇಷವನ್ನು ತೊಟ್ಟು, ಕನ್ನಡಕವನ್ನು ತೆಗೆದಿಟ್ಟು, ಹೆಗಲಿಗೆ ಬಂದೂಕನ್ನೇರಿಸಿ ತಮ್ಮ ಬೇಸಿಗೆಯ ಅರಮನೆಯನ್ನು ಬಿಟ್ಟರು. ಕ್ಯೀಚೂ ನದಿಯನ್ನು ಹರಿಗೋಲಿನಲ್ಲಿ ದಾಟಿದರು. ನಮ್ಮ ತುಂಗಭದ್ರೆಯ ಅಂಬಿಗರ ಹರಿಗೋಲಿನ ಬಂಧುವೇ ಅದು. ಆಚೆಯ ದಡದಿಂದ ಕುದುರೆಗಳ ಮೇಲೂ ಕಾಲ್ನಡೆಯಲ್ಲಿಯೂ ಚೇ-ಲಾ ಎಂಬ ಕಣಿವೆದಾರಿಯನ್ನೇರಿ, ಬ್ರಹ್ಮಪುತ್ರೆಯನ್ನು ದೋಣಿಯಿಂದ ದಾಟಿ ದಕ್ಷಿಣಕ್ಕೆ ತಿರುಗಿದರು. ಅವರು ಹೊರಟ ಮೂರನೆಯ ದಿನ ಆ ಅರಮನೆಯ ಮೇಲೆ ಫಿರಂಗಿಯ ಗುಂಡುಗಳು ಬಿದ್ದವು. ದೇಶದೊಳಗೇ ನಿಂತು ಮಾತುಕತೆ ನಡಿಸಬೇಕೆಂದಿದ್ದವರಿಗೆ ಆ ವಾರ್ತೆಯು ಮುಟ್ಟಿದ ಮೇಲೆ ಗಡಿಯ ಹೊರತು ಗತಿಯಿಲ್ಲವಾಯಿತು. ಲ್ಹುಂತ್ಸೆ ಕೋಟೆಯಲ್ಲಿ ನಿಂತು, 1951ರ ಹದಿನೇಳು ಅಂಶಗಳ ಒಪ್ಪಂದವನ್ನು ತಿರಸ್ಕರಿಸಿ, ತಮ್ಮದೇ ಸರಕಾರವನ್ನು ಘೋಷಿಸಿ, ಮತ್ತೆ ಹಿಮದಲ್ಲಿ ನಡೆದರು. ಮಾರ್ಚ 31ರಂದು ಹಿಂದುಸ್ತಾನದ ಗಡಿಯನ್ನು ಮುಟ್ಟುವಾಗ ಆಮಶಂಕೆಯಿಂದ ನಿತ್ರಾಣರಾಗಿ, ಕುದುರೆಯ ಮೇಲೆ ಕೂಡ್ರಲಾರದೆ, ಯಾಕು ಮತ್ತು ಆಕಳುಗಳ ಮಿಶ್ರತಳಿಯ ಪ್ರಾಣಿಯ ಬೆನ್ನೇರಿ ಬಂದರು. ಆಗ ಅವರ ವಯಸ್ಸು 23.

ಅರಸನಿಗೇ ಈ ಪಾಡು. ಹಿಂದೆ ಬಂದವರಿಗೆ ಕುದುರೆಯೆಲ್ಲಿಯದು? ಸುಮಾರು 80,000 ಜನರು ಮುಂದಿನ ತಿಂಗಳುಗಳಲ್ಲಿ ಹಗಲು ಅಡಗಿ ಇರುಳು ನಡೆದು ಹಿಮಾಲಯವನ್ನು ದಾಟಿದರು. ಕಾಡುದಾರಿಯ ಪ್ರಯಾಣದಲ್ಲಿ ಮೊದಲ ವಾರಗಳೇ ಕಠಿಣವೆಂದು ನಡೆದು ಬಲ್ಲವರು ಹೇಳುವರು: ಕಾಲು ಪಳಗಿರುವದಿಲ್ಲ, ಹೊರೆಯನ್ನು ಅಳೆದಿರುವದಿಲ್ಲ, ಬಿಟ್ಟು ಬಂದ ಮನೆಯ ಮೋಹ ಹರಿದಿರುವದಿಲ್ಲ. ಇವರಿಗಾದರೋ ನಡಿಗೆ ಮುಗಿದ ಮೇಲೆ ಇನ್ನೊಂದು ಕಷ್ಟವು ಕಾದಿತ್ತು. ಅಸ್ಸಾಮದ ಮಿಸ್ಸಾಮಾರಿಯ ಬಿದಿರ ಗುಡಿಸಲುಗಳಲ್ಲಿ ಸೆಕೆಯೂ ರೋಗವೂ ಅನೇಕರನ್ನು ಕೊಂದವು. ಮಠಗಳ ಸುಮಾರು 1500 ಭಿಕ್ಷುಗಳನ್ನು ಬಂಗಾಲದ ಬಕ್ಸಾ ಕೋಟೆಯಲ್ಲಿರಿಸಿದರು. 1930ರ ದಶಕದಲ್ಲಿ ಬಂಗಾಲದ ಸ್ವಾತಂತ್ರ್ಯವೀರರನ್ನು ಆಂಗ್ಲರು ಕೂಡಿಹಾಕಿದ್ದ ಸ್ಥಳವೇ ಅದು! ಅಲ್ಲಿ ಕ್ಷಯರೋಗಕ್ಕೆ ಸಹಪಾಠಿಗಳನ್ನು ಒಬ್ಬೊಬ್ಬರನ್ನಾಗಿ ಕೊಡುತ್ತಲೇ ಅವರು ಹತ್ತು ವರ್ಷ ತಮ್ಮ ತರ್ಕಶಾಸ್ತ್ರದ ಪಾಠವನ್ನು ಬಿಡದೆ ನಡಿಸಿದರು. ಪಾಠಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಈ ಒಂದು ಸಂಗತಿಯೇ ಸಾಕು, ಅವರನ್ನು ಗೌರವಿಸಲಿಕ್ಕೆ.

ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲಕ್ಕೆ, 1966ರಲ್ಲಿ, ಆಗಿನ ಮೈಸೂರು ರಾಜ್ಯವು ಮುಂಡಗೋಡದ ಬಳಿ ಸುಮಾರು 4000 ಎಕರೆ ಕಾಡುಭೂಮಿಯನ್ನು ಅವರ ವಸತಿಗೆ ಬಿಟ್ಟುಕೊಟ್ಟಿತು. 1969ರಿಂದ ಡ್ರೆಪುಂಗ ಮತ್ತು ಗಾಂದೆನ್ ಮಠಗಳ ಭಿಕ್ಷುಗಳು ಬಕ್ಸಾದಿಂದ ಬಂದು, ಪೋಥಿ ಹಿಡಿದ ಕೈಯಿಂದಲೇ ಕಾಡು ಕಡಿದು ಗೋವಿನಜೋಳ ಬಿತ್ತಿದರು. ಸುಮಾರು 12,000 ಅಡಿ ಎತ್ತರದ ಲ್ಹಾಸಾದ ತಂಪಿನವರಿಗೆ ಮಲೆನಾಡಿನ ಸೆರಗಿನ ಬೇಸಿಗೆಯೂ ಜಿಟಿಜಿಟಿ ಮಳೆಯೂ ಏನಾಗಿರಬೇಕು!

ಪರದೇಶಿಗಳಿಗೆ ಸಿಕ್ಕ ಭೂಮಿ ನಮಗೇಕೆ ಸಿಗಲಿಲ್ಲವೆಂದು ಗೊಣಗುವವರು ನಮ್ಮಲ್ಲಿದ್ದಾರೆ. ಗೌಳಿಗರೂ ಸಿದ್ದಿಗಳೂ ಕುಣಬಿಗಳೂ ತಲೆತಲಾಂತರದಿಂದ ಉತ್ತ ನೆಲದ ಹಕ್ಕುಪತ್ರಕ್ಕಾಗಿ, 2006ರ ಅರಣ್ಯಹಕ್ಕು ಕಾಯಿದೆಯಾದ ನಂತರವೂ, ಕಚೇರಿಯಿಂದ ಕಚೇರಿಗೆ ಅಲೆಯಬೇಕಾದುದು ಸುಳ್ಳಲ್ಲ. ಈ ದೂರು ನ್ಯಾಯವಾದದ್ದು. ಆದರೆ ಅದರ ವಿಳಾಸವು ಲಾಮಾ ಕ್ಯಾಂಪಲ್ಲ, ಸರಕಾರದ ಕಚೇರಿ. ನಿರಾಶ್ರಿತನಿಗೆ ಕೊಟ್ಟದ್ದನ್ನು ಬಡವನಿಂದ ಕಸಿದದ್ದೆಂದು ಲೆಕ್ಕ ಹಾಕುವದು ಕೆಟ್ಟ ಗಣಿತ.

1959ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವನು ಈಗ ಎಂಬತ್ತೈದನ್ನು ದಾಟಿರುವನು. ಇನ್ನು ಕೆಲವು ವರ್ಷಗಳಲ್ಲಿ ಆ ಹಿಮವನ್ನು ತುಳಿದ ಕಾಲುಗಳು ಮುಂಡಗೋಡದಲ್ಲಿ ಉಳಿಯಲಾರವು. ಶರಣರ ದಾರಿಯ ಕಥೆಗೆ ಆದ ಗತಿ ಇದಕ್ಕೂ ಆಗಬಾರದೆಂದಿದ್ದರೆ, ಮುಂಡಗೋಡ ಹಳಿಯಾಳಗಳ ಶಾಲಾ ಮಾಸ್ತರರು ಬರುವ ಬೇಸಿಗೆಯ ಸೂಟಿಯಲ್ಲಿ ಇಬ್ಬಿಬ್ಬರು ಹುಡುಗರಿಗೆ ಒಂದೊಂದು ನೋಟಬುಕ್ಕನ್ನು ಕೊಟ್ಟು ಅಲ್ಲಿಗೆ ಕಳಿಸಲಿ. ಕೇಳಬೇಕಾದ ಪ್ರಶ್ನೆಗಳು ದೊಡ್ಡವಲ್ಲ. ಯಾವ ತಿಂಗಳಲ್ಲಿ ಹೊರಟಿರಿ? ಗಂಟಿನಲ್ಲಿ ಏನಿತ್ತು? ಮೊದಲ ವಾರ ಮುಗಿಯುವದರೊಳಗೆ ಅದರಲ್ಲಿ ಏನನ್ನು ಎಸೆದಿರಿ? ಜೋಯಿಡಾದ ಹುಡುಗರು ದೂರ ಹೋಗಬೇಕಾಗಿಲ್ಲ. ಕಾಳೀ ನದಿಗೆ ಅಣೆಕಟ್ಟಾಗಿ ಹಳೆಯ ಸೂಪಾ ಊರು ನೀರಲ್ಲಿ ಮುಳುಗಿದಾಗ ಮನೆಮಾರು ಬಿಟ್ಟು ರಾಮನಗರವನ್ನು ಸೇರಿದ ಹಿರಿಯರು ಅವರ ತಾಲೂಕಿನಲ್ಲಿಯೇ ಇದ್ದಾರೆ. ಇದೇ ಮೂರು ಪ್ರಶ್ನೆಗಳನ್ನು ಅವರಿಗೂ ಕೇಳಬಹುದು. ಬರೆದು ಬಂದುದಕ್ಕೆ ನಮ್ಮ ಪತ್ರಿಕೆಯಲ್ಲಿ ಸ್ಥಳವಿದೆ.