ಖಾಲಿ ಟ್ಯಾಂಕಿನ ಒಳಗೆ ಏನಿರುತ್ತೆ?

ವಿಡಿಯೋ ನೋಡೋಕೆ ಟೈಮ್ ಸಿಗಲ್ಲ, ಆಫೀಸ್ ಬಸ್ಸಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಹಾಕಿದ್ದೀನಿ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಬರೆಯೋನು. ಟ್ಯಾಂಕು, ವಾಲ್ವು ನನ್ನ ವಿಷಯ ಅಲ್ಲ, ಎಂಟೆಕ್ ಮಾಡಿದ್ದೂ ಕಂಪ್ಯೂಟರ್ ಸೈನ್ಸಲ್ಲೇ. ಕೆಲವು ವರ್ಷದ ಹಿಂದೆ ನಮ್ಮ ಟೀಮಿಗೆ ಒಂದು ಕೆಮಿಕಲ್ ಕಾರ್ಖಾನೆಯ ಪರ್ಮಿಟ್ ಆ್ಯಪ್ ಮಾಡೋ ಕೆಲಸ ಬಂತು. ಸ್ಟೋರೇಜ್ ಟ್ಯಾಂಕ್ ತೊಳೆಯೋಕೆ ಒಳಗೆ ಇಳಿಯೋ ಮುಂಚೆ ಕಾಗದದಲ್ಲಿ ತುಂಬುತ್ತಿದ್ದ ಫಾರ್ಮನ್ನು ಮೊಬೈಲಿಗೆ ತರಬೇಕಿತ್ತು. ಅದರಲ್ಲಿ ಆಕ್ಸಿಜನ್ ಅಂತ ಒಂದು ಖಾನೆ. ಗಾಳಿಯಲ್ಲಿ ಆಕ್ಸಿಜನ್ 20.9% ಇರುತ್ತೆ ತಾನೇ, ಗ್ಲೌಸ್ ಹಾಕ್ಕೊಂಡಿರೋ ಮನುಷ್ಯ ಟೈಪ್ ಯಾಕೆ ಮಾಡಬೇಕು ಅಂತ ನಾನೇ ಅಲ್ಲಿ 20.9 ಅನ್ನು ಡೀಫಾಲ್ಟ್ ಆಗಿ ಕೂರಿಸಿದೆ. ಡೆಮೋದಲ್ಲಿ ಎಲ್ಲರೂ ಮೆಚ್ಚಿದರು.

ಪೈಲಟ್ ಶುರುವಾದ ಮೇಲೆ ಸೈಟಿಗೆ ಹೋದೆ. ಟ್ಯಾಂಕ್ ಕ್ಲೀನಿಂಗ್ ಗ್ಯಾಂಗಿನ ಸೂಪರ್‌ವೈಸರ್ ವಿಜಯಪುರದ ಕಡೆಯವರು. ನನ್ನ ಹೆಸರು ಕೇಳಿ ಕನ್ನಡದಲ್ಲೇ ಶುರು ಮಾಡಿದರು. ಫೋನ್ ತೋರಿಸಿ, "ಸರ್, ಈ 20.9 ನಾವು ಅಳದಿದ್ದಲ್ರಿ. ನಿಮ್ಮ ಫೋನೇ ಬರಕೊಂಡು ಬಂದೈತಿ" ಅಂದರು. ಹಿಂದಿನ ವಾರದ ಪರ್ಮಿಟ್‌ಗಳನ್ನು ತೆಗೆದು ನೋಡಿದೆ. ಒಂದು ಬಿಡದೆ ಎಲ್ಲದರಲ್ಲೂ 20.9. ಯಾವುದು ಮೀಟರ್ ಹೇಳಿದ್ದು, ಯಾವುದು ನಾನು ಹೇಳಿದ್ದು ಅಂತ ಗೊತ್ತಾಗೋ ದಾರಿನೇ ಇರಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ, ಆದರೆ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಅಂತ ಅರ್ಥ ಆಗಬೇಕಾದ್ರೆ "ಖಾಲಿ" ಅನ್ನೋ ಪದವನ್ನು ಸ್ವಲ್ಪ ಕೆದಕಬೇಕು. ದ್ರವ ಎಲ್ಲ ಹೊರಗೆ ಹೋದ ಮೇಲೂ ಟ್ಯಾಂಕ್ ಒಳಗೆ ಏನೋ ಒಂದು ಇದ್ದೇ ಇರುತ್ತೆ. ಅದು ನಮ್ಮ ಕೋಣೆಯ ಗಾಳಿಯೇ ಆಗಿರಬೇಕು ಅಂತೇನಿಲ್ಲ. ಬೆಂಕಿ ಹತ್ತಬಾರದು ಅಂತ ನೈಟ್ರೋಜನ್ ಬಿಟ್ಟಿರಬಹುದು. ಏನೂ ಬಿಡದೆ ಸುಮ್ಮನೆ ಮುಚ್ಚಿಟ್ಟ ಕಬ್ಬಿಣದ ಟ್ಯಾಂಕೂ ಸಾಕು: ಗೋಡೆ ತುಕ್ಕು ಹಿಡಿಯುತ್ತಾ ಹಿಡಿಯುತ್ತಾ ಒಳಗಿನ ಆಕ್ಸಿಜನ್ನನ್ನು ತಿಂದುಬಿಡುತ್ತೆ. ತಳದ ಕೆಸರನ್ನು ಕಾಲಲ್ಲಿ ಕಲಕಿದರೆ ಅದರೊಳಗೆ ಸಿಕ್ಕಿಕೊಂಡಿದ್ದ ಆವಿ ಮೇಲೇಳುತ್ತೆ. ಅದು ಹೈಡ್ರೋಜನ್ ಸಲ್ಫೈಡ್ ಆಗಿದ್ದರೆ ಮೊದಲು ಕೊಳೆತ ಮೊಟ್ಟೆ ವಾಸನೆ. 100 ಪಿಪಿಎಂ ಹತ್ತಿರ ಹೋದರೆ ಮೂಗೇ ಕೆಲಸ ನಿಲ್ಲಿಸುತ್ತೆ. ಆಗ ವಾಸನೆ ಹೋಯ್ತು, ಗ್ಯಾಸ್ ಹೋಯ್ತು ಅಂತ ಅಂದುಕೊಂಡರೆ ಮುಗೀತು.

ನೈಟ್ರೋಜನ್ ಇನ್ನೂ ಮೋಸಗಾರ. ಬಣ್ಣ ಇಲ್ಲ, ವಾಸನೆ ಇಲ್ಲ. ನಮಗೆ ಉಸಿರು ಕಟ್ಟಿದ ಹಾಗೆ ಅನಿಸೋದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದಾಗ. ನೈಟ್ರೋಜನ್ ಉಸಿರಾಡುವಾಗ ಕಾರ್ಬನ್ ಡೈಆಕ್ಸೈಡ್ ಆರಾಮಾಗಿ ಹೊರಗೆ ಹೋಗ್ತಾನೇ ಇರುತ್ತೆ, ಹಾಗಾಗಿ ದೇಹ ಅಲಾರಂ ಹೊಡೆಯೋದೇ ಇಲ್ಲ. ಆಕ್ಸಿಜನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನೋ ಕಡೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು.

ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಮಾಡೋ ಅನಿಮೇಷನ್ ವಿಡಿಯೋಗಳನ್ನು ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಅದರಲ್ಲಿ ಒಂದು, ಡೆಲವೇರ್‌ನ ವಲೆರೋ ರಿಫೈನರಿಯದ್ದು. 2005ರ ನವೆಂಬರ್ 5ರ ರಾತ್ರಿ ಇಬ್ಬರು ಕಾಂಟ್ರಾಕ್ಟ್ ಕೆಲಸಗಾರರು ಒಂದು ರಿಯಾಕ್ಟರ್ ಮೇಲೆ ಪೈಪ್ ಜೋಡಿಸೋಕೆ ತಯಾರಾಗ್ತಿದ್ದರು. ರಿಯಾಕ್ಟರ್ ಅಂದ್ರೂ ಇಲ್ಲಿಗೆ ಅದೂ ಒಂದು ಮುಚ್ಚಿದ ಪಾತ್ರೆನೇ. ಒಳಗೆ ನೈಟ್ರೋಜನ್ ಹರೀತಾ ಇತ್ತು, ಪರ್ಮಿಟ್‌ನಲ್ಲಿ ಮಾತ್ರ ಆ ಸಾಲಿನ ಮುಂದೆ "ಅನ್ವಯಿಸುವುದಿಲ್ಲ" ಅಂತ ಗುರುತು. ಒಳಗೆ ಬಿದ್ದಿದ್ದ ಒಂದು ಟೇಪ್ ರೋಲ್ ಕಣ್ಣಿಗೆ ಬಿತ್ತು. ತಂತಿಯಿಂದ ಎತ್ತೋ ಪ್ರಯತ್ನದಲ್ಲಿ ಒಬ್ಬರು ಒಳಗೆ ಹೋದರು, ಕುಸಿದರು. ಅವರನ್ನು ಉಳಿಸೋಕೆ ಫೋರ್‌ಮನ್ ಏಣಿ ಇಳಿಸಿ ಹೋದರು. ಇಬ್ಬರೂ ಬದುಕಲಿಲ್ಲ. ಒಂದು ಟೇಪ್ ರೋಲಿಗೆ!

ಆ ಎರಡನೇ ಸಾವು ಅಪರೂಪದ್ದಲ್ಲ. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ 60%ಗಿಂತ ಹೆಚ್ಚು ಜನ ಉಳಿಸೋಕೆ ಹೋದವರು ಅಂತ ಅಮೆರಿಕದ ನಯಾಷ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಅದಕ್ಕೇ ಟ್ಯಾಂಕಿನ ಬಾಯಲ್ಲಿ ನಿಲ್ಲೋ ಕಾವಲಿನವನಿಗೆ ಮೊದಲ ನಿಯಮ: ನೀನು ಒಳಗೆ ಹೋಗಬಾರದು. ಹೊರಗಿಂದಲೇ ಎಳೆಯೋಕೆ ಆಗೋ ಹಾಗೆ ಹಾರ್ನೆಸ್, ಹಗ್ಗ, ಟ್ರೈಪಾಡ್ ಮೊದಲೇ ಕಟ್ಟಿಟ್ಟಿರಬೇಕು. ಇದೇನೂ ಹೊಸ ಜ್ಞಾನ ಅಲ್ಲ. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯ 36ನೇ ಸೆಕ್ಷನ್ನಿನಲ್ಲೇ ಬರೆದಿದ್ದರು: ಒಂದೋ ಪರೀಕ್ಷೆ ಮಾಡಿದ ಅರ್ಹ ವ್ಯಕ್ತಿಯ ಲಿಖಿತ ಸರ್ಟಿಫಿಕೇಟ್ ಇರಬೇಕು, ಇಲ್ಲಾಂದ್ರೆ ಉಸಿರಾಟದ ಉಪಕರಣ ಹಾಕಿ, ಸೊಂಟದ ಬೆಲ್ಟಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹೊರಗಿರೋರ ಕೈಯಲ್ಲಿರಬೇಕು.

ಸೂಪರ್‌ವೈಸರ್ ನನಗೆ ಮಧ್ಯಾಹ್ನ ಪೂರ್ತಿ ಪಾಠ ಮಾಡಿದರು. ವಾಲ್ವ್ ಮುಚ್ಚಿದರೆ ಸಾಲದು, ಅದು ಸೋರುತ್ತೆ. ಪೈಪ್ ಬಿಚ್ಚಬೇಕು, ಇಲ್ಲಾ ನಡುವೆ ಬ್ಲೈಂಡ್ ಪ್ಲೇಟ್ ಹಾಕಬೇಕು. ಬ್ಲೋವರ್ ಹಚ್ಚಿ ಗಾಳಿ ಆಡಿಸಬೇಕು. ಆಮೇಲೆ ಮೀಟರಿನ ಟ್ಯೂಬನ್ನು ಹೊರಗಿಂದಲೇ ಇಳಿಸಿ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ಅಳೀಬೇಕು, ಯಾಕಂದ್ರೆ ಭಾರದ ಗ್ಯಾಸ್ ಕೆಳಗೇ ಕೂತಿರುತ್ತೆ. ಆಕ್ಸಿಜನ್ 19.5%ಗಿಂತ ಕಡಿಮೆ ಬಂದರೆ ಯಾರೂ ಇಳಿಯೋ ಹಾಗಿಲ್ಲ. ಕೆಲಸ ನಡೀತಿರೋವಾಗಲೂ ಅಳೀತಾ ಇರಬೇಕು. ನನ್ನ ಆ್ಯಪ್‌ನಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಖಾನೆ, ಅದನ್ನೂ ನಾನೇ ತುಂಬಿಬಿಟ್ಟಿದ್ದೆ.

ವಾಪಸ್ ಬಂದು ಡೀಫಾಲ್ಟ್ ತೆಗೆದೆ. ಮೂರು ಖಾನೆ ಮಾಡಿದೆ, ಮೂರೂ ಖಾಲಿ. ಜೊತೆಗೆ ಮೀಟರ್ ನಂಬರ್, ಅಳೆದ ಟೈಮ್. ರೀಡಿಂಗ್ ಹಳೆಯದಾದ್ರೆ ಪರ್ಮಿಟ್ ಲಾಕ್. ಫಾರ್ಮ್ ತುಂಬೋಕೆ ಟೈಮ್ ಜಾಸ್ತಿ ಆಯ್ತು ಅಂತ ಮೇಲಿನವರಿಂದ ಮೇಲ್ ಬಂತು. ಬರಲಿ ಬಿಡಿ.

ಇದು ಕಾರ್ಖಾನೆ ಕತೆ, ನಮಗ್ಯಾಕೆ ಅನ್ನೋರು ನಿಮ್ಮ ಸೊಸೈಟಿಯ ಬೇಸ್‌ಮೆಂಟಿಗೆ ಹೋಗಿ ನೋಡಿ. ಅಲ್ಲಿ ಎಸ್‌ಟಿಪಿ ಟ್ಯಾಂಕ್ ಇದೆ. ಹೋದ ವರ್ಷ ನಮ್ಮ ಸೊಸೈಟಿಗೆ ಒಬ್ಬ ಹುಡುಗ ಬಕೆಟ್ಟು, ಹಗ್ಗ ಹಿಡ್ಕೊಂಡು ಬಂದ. ಮೀಟರ್ ಎಲ್ಲಿ ಅಂದೆ, ನಕ್ಕ. ಹತ್ತು ನಿಮಿಷದ ಕೆಲಸ ಅಂತ ಕಮಿಟಿಯವರು ಹೇಳಿದರು. 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಮಗ್ರಿ ಇಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸೋದು ಅಪರಾಧ ಅಂತ ನಾನು ಹೇಳಿದೆ. ಹುಡುಗನಿಗೆ ಆ ದಿನದ ಕೂಲಿ ಕೊಟ್ಟು ಕಳಿಸಿದ್ವಿ. ವಾಟ್ಸ್ಆ್ಯಪ್ ಗ್ರೂಪಲ್ಲಿ ಎರಡು ದಿನ ನನ್ನದೇ ಚರ್ಚೆ.

ಮುಂದಿನ ಶನಿವಾರ ಬೇರೆ ಏಜೆನ್ಸಿಯವರು ಬ್ಲೋವರ್, ಮೀಟರ್ ತಂದರು. ಬಾಯಿ ಹತ್ತಿರ 20.8 ತೋರಿಸಿದ ಮೀಟರ್, ಟ್ಯೂಬ್ ತಳಕ್ಕೆ ಇಳಿಸಿದ ಕೂಡಲೇ ಕೂಗೋಕೆ ಶುರು ಮಾಡ್ತು. ಬ್ಲೋವರ್ ಹಚ್ಚಿ ಕಾದರು. ಆ ಹೊತ್ತಲ್ಲಿ ಕಮಿಟಿಯವರೇ ಅವರಿಗೆಲ್ಲ ಚಹಾ ತರಿಸಿದರು.